ಈಗ ಈ ಕಡೆ, ಶಿವು

ನಮ್ಮ ಮನೆಯ ಟಿವಿ ಪಕ್ಕದಲ್ಲಿ, ಗಣಪತಿಯ ಎಡಕ್ಕೆ, ಒಂದು ಹಳೆಯ ಹೆಲ್ಮೆಟ್ ಇದೆ. ಬೈಕಿನದಲ್ಲ. ಮುಖದ ಮುಂದೆ ಕಂಬಿ ಇರುವ, ಅಮೆರಿಕನ್ ಫುಟ್‌ಬಾಲ್ ಆಡುವವರು ಹಾಕಿಕೊಳ್ಳುವ ಹೆಲ್ಮೆಟ್. ಮರದ ಹಲಗೆಯ ಮೇಲೆ ಕೂರಿಸಿ, ಕೆಳಗೆ ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು ಕೊರೆಸಿದ್ದಾರೆ. ಐರ್ಲೆಂಡಿನಲ್ಲಿ ಆ ಆಟದ ಬಗ್ಗೆ ಜೀವಮಾನವೆಲ್ಲ ಬರೆದವರಿಗೆ ಕೊಡುವ ಗೌರವ ಅದು. ನಾವಿರುವ ಕಾರ್ಕ್ ಊರಿನ ಕನ್ನಡದ ಹುಡುಗರು ಮನೆಗೆ ಬಂದರೆ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು, ಆಮೇಲೆ ಕೇಳುತ್ತಾರೆ: "ಅಂಕಲ್, ನೀವು ಮೈಸೂರಿನೋರು, ಈ ಆಟಕ್ಕೆ ಹೆಂಗೆ ಬಿದ್ರಿ?"

ಈಚೆಗೆ ಊರಿನಿಂದಲೂ ಕ್ರೀಡಾ ವರದಿಯ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಫೋನು ಮಾಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ನನಗೇ ಆಕಳಿಕೆ ತರಿಸುವ ವಿಷಯ, ಬಿಟ್ಟಿದ್ದೇನೆ. ಆದರೆ ಈ ಹೆಲ್ಮೆಟ್ಟನ್ನು ನಾನು ಒಂದು ಷರತ್ತು ಹಾಕಿ ಪಡೆಯಲು ಹೊರಟೆ. ಆ ಷರತ್ತು ನನ್ನ ಅಷ್ಟೂ ವರ್ಷದ ಸಂಪಾದನೆಯನ್ನು ಇನ್ನೇನು ನುಂಗಿಬಿಡುತ್ತಿತ್ತು. ಅದನ್ನು ಹೇಳಬೇಕು, ಹೇಳಬೇಕಾದರೆ ಮೊದಲಿಂದಲೇ ಹೇಳಬೇಕು.

ನಾನು ಓದಿದ್ದು ಎಂಟನೇ ಕ್ಲಾಸು. ಮೈಸೂರಿನ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ಮೊದಲು ಕಾಗದದ ಕಟ್ಟು ಹೊತ್ತೆ, ಆಮೇಲೆ ಅಚ್ಚಿನ ಮೊಳೆ ಜೋಡಿಸಿದೆ. ಒಂದು ಸಲ ಕುಸ್ತಿಗೆ ಹೋಗಬೇಕಾದ ವರದಿಗಾರ ಜ್ವರದಲ್ಲಿ ಮಲಗಿದ. "ಲೋ ಶಿವಲಿಂಗ, ನೀನೇ ಹೋಗಿ ಯಾರು ಗೆದ್ರು ಅಂತ ಬರ್ಕೊಂಡು ಬಾ" ಎಂದು ಸಂಪಾದಕರು ಅಟ್ಟಿದರು. ಹೋದೆ, ಬರೆದುಕೊಂಡು ಬಂದೆ, ಮತ್ತೆ ಮೊಳೆಯ ಕಡೆ ತಿರುಗಿ ನೋಡಲಿಲ್ಲ. ಕುಸ್ತಿ, ಕಬಡ್ಡಿ, ಸೈಕಲ್ ರೇಸು, ಎಲ್ಲಕ್ಕೂ ನಾನೇ. ಕೆಲಸದಲ್ಲಿ ನನ್ನನ್ನು ಯಾರೂ ಸೋಮಾರಿ ಎಂದಿಲ್ಲ. ಅಂದಿದ್ದರೆ ಅವರ ಹೆಸರನ್ನು ಇಲ್ಲಿ ಬರೆಯುತ್ತಿದ್ದೆ.

ನನ್ನ ಹೆಂಡತಿ ಗಿರಿಜಾ ನರ್ಸು. ಅವಳಿಗೆ ಕಾರ್ಕ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೈಗೂಸು ಮೇಘಾಳನ್ನು ಎತ್ತಿಕೊಂಡು ನಾನೂ ಹಿಂದೆ ಬಂದೆ. ಊರ ಪಕ್ಕದ ಲಿಟಲ್ ಐಲ್ಯಾಂಡಿನ ಒಂದು ಗೋದಾಮಿನಲ್ಲಿ ಔಷಧಿಯ ಪೆಟ್ಟಿಗೆ ಎತ್ತಿಡುವ ಕೆಲಸ ಹಿಡಿದೆ. ಊಟದ ಹೊತ್ತಿನಲ್ಲಿ ಕಾರ್ಕ್‌ನ ವಾರಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ಒಂದೊಂದೇ ಸಾಲು ತುಟಿಯಲ್ಲಿ ಆಡಿಕೊಂಡು, ಇಂಗ್ಲಿಷ್ ಕಲಿತೆ. ಕ್ರೀಡಾಪುಟದಲ್ಲಿ ಇಲ್ಲಿನವರ ಕೋಲಿನಾಟ ಹರ್ಲಿಂಗ್ ಇತ್ತು, ರಗ್ಬಿ ಇತ್ತು, ನಾಯಿ ಓಟವೂ ಇತ್ತು. ಆದರೆ ಭಾನುವಾರ ಗೋದಾಮಿನ ಹಿಂದಿನ ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆದುಕೊಳ್ಳುವವರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಒಂದು ಭಾನುವಾರ ನಿಂತು ನೋಡಿದೆ. ಕುಸ್ತಿ, ಕಬಡ್ಡಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಹಾಗಿತ್ತು. ಹೆಸರು ಫುಟ್‌ಬಾಲ್ ಎಂದಿದ್ದರೂ ಚೆಂಡು ಹೆಚ್ಚಾಗಿ ಕೈಯಲ್ಲೇ. ಆಕಾರ ಸುಲಿದ ತೆಂಗಿನಕಾಯಿಯದು. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ಮಿಕ್ಕಿದ್ದನ್ನು ಚಳಿಯಲ್ಲಿ ನಿಂತು ಕಲಿಯಬಹುದು. ಮನೆಗೆ ಹೋಗಿ ಬರೆದೆ, ಸೋಮವಾರ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಒಯ್ದೆ.

ಕ್ರೀಡಾಪುಟದ ಯಜಮಾನಿಕೆ ನೋರಾಳದು. ಸಣ್ಣ ದೇಹ, ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಮೇಜಿನ ಮೇಲೆ ಸದಾ ತಣ್ಣಗಾದ ಚಹಾ. ಅವಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಅದು ಬಿದ್ದ ರೀತಿಯಲ್ಲಿ ಬರೆಯುತ್ತೇನೆ.

"'ಸಿಡಿಲಿನಂತೆ ಎರಗಿದ, ನೆಲ ನಡುಗಿತು.' ಏನಪ್ಪಾ ಇದು, ಪಂದ್ಯಾನೋ ಪ್ರಳಯಾನೋ?"

"ಕುಸ್ತಿಗೆ ಹೀಗೇ ಬರೀತಿದ್ವಿ ಮೇಡಂ."

"ನಮ್ಮನೆ ಬೆಕ್ಕು ಕೂಡ ನನ್ನನ್ನ ಮೇಡಂ ಅನ್ನಲ್ಲ. ನೋರಾ ಅನ್ನು. ಯಾರು ಗೆದ್ರು?"

"ಅದು ನಾಲ್ಕನೇ ಪ್ಯಾರಾದಲ್ಲಿ ಬರುತ್ತೆ."

"ಯಾಕೆ? ನಾಲ್ಕನೇ ಪ್ಯಾರಾದವರೆಗೂ ಆಟ ನಡೀತಾನೇ ಇತ್ತಾ?"

ಬೈದಳು, ಕತ್ತರಿಸಿದಳು, ಹಾಕಿದಳು. ಸಿಡಿಲೂ ನಡುಗಿದ ನೆಲವೂ ಹೋಗಿ ಆರು ಸಾಲು ಉಳಿದಿತ್ತು. ಮುಂದಿನ ವಾರವೂ ಹೋಗು ಎಂದಳು. ಹೀಗೆ ಶುರುವಾದದ್ದು.

ಕೆಲಸಕ್ಕೆ ಬರುವವರು ಮೊದಲು ಕೇಳುವುದು ತಪ್ಪುಗಳ ಬಗ್ಗೆ. ನನ್ನದು ಊರೆಲ್ಲ ಬಲ್ಲ ತಪ್ಪು, ಮುಚ್ಚಿಟ್ಟುಕೊಳ್ಳುವ ಭಾಗ್ಯ ನನಗಿಲ್ಲ. ನಮ್ಮ ಕಾರ್ಕ್ ತಂಡ ಒಂದು ಪಂದ್ಯವನ್ನೂ ಗೆಲ್ಲದ ಕಾಲ ಅದು. ಆ ಭಾನುವಾರ ಲಿಮರಿಕ್‌ನವರು ಆಡಲು ಬಂದಿದ್ದರು. ಬೆಳಗಿನಿಂದ ಮಳೆ. ಅಂಕ ಬರೆಯುವ ಹಲಗೆ ಗಾಳಿಗೆ ಬಿದ್ದು ಹೋಗಿತ್ತು. ಕೆಸರಿನಲ್ಲಿ ಹಸಿರು ಅಂಗಿಯೂ ಬಿಳಿ ಅಂಗಿಯೂ ಒಂದೇ ಬಣ್ಣ, ಬೆನ್ನಿನ ನಂಬರು ದೇವರಿಗೇ ಪ್ರೀತಿ. ನಾನು ಜಾಣತನ ಮಾಡಿದೆ. ನಮ್ಮವರು ಎಡಗಡೆಗೆ ಓಡುತ್ತಿದ್ದಾರೆ, ಎಡಗಡೆ ಅಂಕ ಬಂದರೆ ನಮ್ಮದು, ಬಲಗಡೆ ಬಂದರೆ ಅವರದು. ಅರ್ಧ ಆಟ ಮುಗಿದ ಮೇಲೆ ಕಡೆ ಬದಲಾಯಿಸುತ್ತಾರೆ ಎಂಬುದು ಹಾಕಿ, ಕಬಡ್ಡಿಯಿಂದ ನನ್ನ ರಕ್ತದಲ್ಲೇ ಇತ್ತು. ಈ ಆಟದಲ್ಲಿ ಕಾಲು ಭಾಗ ಮುಗಿದಾಗಲೂ ಕಡೆ ಬದಲಾಯಿಸುತ್ತಾರೆ. ಆ ಕಾಲು ಭಾಗಕ್ಕೆ ಕ್ವಾರ್ಟರ್ ಎನ್ನುತ್ತಾರೆ. ಅವರು ಕಡೆ ಬದಲಾಯಿಸುವ ಹೊತ್ತಿಗೆ ನಾನು ಚಹಾದ ಸಾಲಿನಲ್ಲಿ ನಿಂತಿದ್ದೆ.

ಭಾನುವಾರದ ಬಸ್ಸು ತಪ್ಪಿದರೆ ನಡೆದೇ ಹೋಗಬೇಕು. ಇನ್ನೇನು ಮುಗಿಯುತ್ತದೆ, ಫಲಿತಾಂಶ ಬದಲಾಗುವುದಿಲ್ಲ ಎಂದು ಹೊರಟುಬಿಟ್ಟೆ. ನೋರಾ ಕಲಿಸಿದಂತೆ ಮೊದಲ ವಾಕ್ಯದಲ್ಲೇ, ಬಹಳ ಸ್ಪಷ್ಟವಾಗಿ, ಕಾರ್ಕ್ ಮತ್ತೆ ಸೋತಿತು ಎಂದು ಬರೆದೆ.

ಕಾರ್ಕ್ ಗೆದ್ದಿತ್ತು. ಜನ್ಮದಲ್ಲಿ ಮೊದಲ ಸಲ.

ಪತ್ರಿಕೆ ಬಂದ ದಿನ ನೋರಾ ನನ್ನನ್ನು ಕಚೇರಿಗೆ ಕರೆಸಿದಳು. "ಶಿವು, ಬಾಗಿಲಲ್ಲಿ ಒಂದು ಗೋಡೆ ನಿಂತಿದೆ. ನಿನ್ನ ಹತ್ರ ಮಾತಾಡಬೇಕಂತೆ."

ಇಡೀ ತಂಡ ಬಂದಿತ್ತು. ಅವರ ನಾಯಕ ಕೀರನ್, ಬಾಗಿಲಿಗೆ ಅಡ್ಡ ನಿಂತರೆ ಬೀದಿ ಕಾಣದಂಥ ಆಳು, ಪತ್ರಿಕೆಯನ್ನು ಎದೆಗೆ ಹಿಡಿದುಕೊಂಡಿದ್ದ. ನಾನು ಇದ್ದಬದ್ದ ಕುಸ್ತಿಯ ಪಟ್ಟುಗಳನ್ನೆಲ್ಲ ನೆನಪಿಸಿಕೊಂಡೆ.

"ನಮ್ಮಮ್ಮ ಫ್ರಿಜ್ ಮೇಲೆ ಅಂಟಿಸ್ಬೇಕು ಅಂತ ಕತ್ತರಿ ಹಿಡ್ಕೊಂಡು ಕಾಯ್ತಾ ಕೂತಿದ್ಲು, ಶಿವು" ಎಂದ.

"ತಪ್ಪಾಯ್ತು. ಮುಂದಿನ ವಾರ ಸರಿಪಡಿಸಿ ಹಾಕ್ತೀವಿ."

"ಸರಿಪಡಿಸೋದಾ? ಅಂಟಿಸಾಯ್ತು! ಗೆದ್ದೂ ಸೋತಿರೋ ತಂಡ ಜಗತ್ತಲ್ಲಿ ನಮ್ಮದೊಂದೇ ಅಂತೆ. ಅಕ್ಕಪಕ್ಕದ ಮನೆಯೋರನ್ನೆಲ್ಲ ಕರೆದು ತೋರಿಸ್ತಿದ್ದಾಳೆ."

ಮುಂದಿನ ಪಂದ್ಯದಲ್ಲಿ ಕ್ವಾರ್ಟರ್ ಮುಗಿದು ಸೀಟಿ ಕೇಳಿತು. ಕೀರನ್ ಮೈದಾನದ ನಡುವೆ ನಿಂತು, ನಾನಿದ್ದ ಕಡೆ ತಿರುಗಿ, ತೋಳನ್ನು ಉದ್ದಕ್ಕೆ ಚಾಚಿ ಕೂಗಿದ: "ಈಗ ಈ ಕಡೆ, ಶಿವು!" ಅವನ ಹಿಂದೆ ಇಡೀ ತಂಡ ಕೈ ಚಾಚಿತು. ಎದುರಾಳಿಗಳು ಅರ್ಥವಾಗದೆ ನೋಡಿದರು, ಅರ್ಥವಾದ ಮೇಲೆ ಅವರೂ ತಮ್ಮ ದಿಕ್ಕಿಗೆ ಕೈ ಚಾಚಿದರು. ಅಲ್ಲಿಂದ ನಾನು ನಿವೃತ್ತನಾಗುವವರೆಗೆ ಯಾವ ಊರಿನ ಯಾವ ಮೈದಾನಕ್ಕೆ ಹೋದರೂ ಇದು ತಪ್ಪಲಿಲ್ಲ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಒಂದು ಕೈ ಎತ್ತಿ "ಆಯ್ತು ಮಾರಾಯ" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಅವರು ಅದನ್ನೂ ಕಲಿತುಬಿಟ್ಟರು.

ಕೆಸರಿಗೊಂದು ಉಪಾಯ ಬೇಕಾಗಿತ್ತು. ಅದು ಸಿಕ್ಕಿದ್ದು ಕೀರನ್‌ನ ತಾಯಿ ಬ್ರೀಡಾಳಿಂದ. ಗೆರೆಯ ಆಚೆ ಆಟಗಾರರ ತಾಯಂದಿರು ಫ್ಲಾಸ್ಕು, ಸ್ಯಾಂಡ್‌ವಿಚ್ಚು ಹಿಡಿದು ನಿಲ್ಲುತ್ತಿದ್ದರು. ಅವರಿಗೆ ನಂಬರು ಬೇಕಿರಲಿಲ್ಲ. ಹೆತ್ತವಳಿಗೆ ಮಗನ ನಡಿಗೆ ಸಾಕು.

"ಬ್ರೀಡಾ, ಈಗ ಬಿದ್ದೋನು ಯಾರು?"

"ಅವನಾ? ತುಂಬಿದ ಬಕೆಟ್ ಹೊತ್ತವನ ಹಾಗೆ ಓಡ್ತಾನಲ್ಲ, ಅವನು ನಮ್ಮ ಪಕ್ಕದ್ಮನೆ ಟಾಮ್. ಬರ್ಕೋ. ಚಹಾ ಕುಡೀತೀಯಾ?"

"ಬೇಡ, ಚಹಾಕ್ಕೆ ಹೋಗಿಯೇ ನಾನು ಕೆಟ್ಟಿದ್ದು."

"ಕೆಟ್ಟೋನಿಗೆ ಇನ್ನೇನು ಭಯ? ಕುಡಿ."

ಅಂದಿನಿಂದ ನನ್ನ ಜಾಗ ತಾಯಂದಿರ ನಡುವೆ. ಎದುರಾಳಿ ತಂಡದ ತಾಯಂದಿರನ್ನೂ ಬ್ರೀಡಾ ಕೈಹಿಡಿದು ಎಳೆದು ತಂದು ನನ್ನ ಇನ್ನೊಂದು ಪಕ್ಕ ನಿಲ್ಲಿಸುತ್ತಿದ್ದಳು. ನನ್ನ ವರದಿಯಲ್ಲಿ ಮತ್ತೆ ಹೆಸರು ತಪ್ಪಲಿಲ್ಲ. ಒಂದು ಮಾತು ಮಾತ್ರ ಎಚ್ಚರ: ಯಾವ ತಾಯಿಯೂ ತನ್ನ ಮಗ ಚೆಂಡು ಕೈಬಿಟ್ಟ ಎಂದು ಹೇಳುವುದಿಲ್ಲ. ಅದನ್ನು ಪಕ್ಕದವಳನ್ನು ಕೇಳಬೇಕು.

ಡಬ್ಲಿನ್‌ಗೆ ಆಗಾಗ ಅಮೆರಿಕದ ಕಾಲೇಜು ತಂಡಗಳು ಆಡಲು ಬರುತ್ತವೆ. ಅಂಥ ಒಂದು ಪಂದ್ಯಕ್ಕೆ ನೋರಾ ನನ್ನನ್ನು ಕಳಿಸಿದಳು. ಉಣ್ಣೆ ಟೋಪಿ, ಛತ್ರಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋದರೆ, ಪತ್ರಕರ್ತರಿಗೆ ಗಾಜಿನ ಕೋಣೆ, ಮೆತ್ತನೆ ಕುರ್ಚಿ, ಬಿಸಿಗಾಳಿ. ಕ್ವಾರ್ಟರ್ ಮುಗಿದ ಕೂಡಲೇ ಯಾರು ಎಷ್ಟು ಗಜ ಓಡಿದ ಎಂದು ಅಚ್ಚು ಹಾಕಿದ ಹಾಳೆ ಕೈಗೆ ಬರುತ್ತದೆ. ಪಕ್ಕದಲ್ಲಿ ಬಿಳಿಗಡ್ಡದ ಒಬ್ಬ ಅಮೆರಿಕದ ವರದಿಗಾರ. ನನ್ನ ಡಬ್ಬಿಯ ಒಗ್ಗರಣೆಯ ವಾಸನೆಗೆ ಅವನ ಬೆರಳು ಕಂಪ್ಯೂಟರಿನ ಮೇಲೆ ನಿಂತಿತು. ಅರ್ಧ ಕೊಟ್ಟೆ.

"ನಮ್ಮ ಕಡೆ ಆಡಿದೋರಿಗೆ ಮಾತ್ರ ಅಲ್ಲ, ಬದುಕೆಲ್ಲ ಈ ಆಟದ ಬಗ್ಗೆ ಬರೆದೋರಿಗೂ ಒಂದು ದೊಡ್ಡ ಗೌರವ ಇದೆ. ಹೆಸರು ಶಾಶ್ವತವಾಗಿ ಉಳಿಯುತ್ತೆ" ಎಂದ.

"ನಿಮಗೆ ಬಂತಾ?"

"ಇಲ್ಲ, ಕಾಯ್ತಾ ಇದ್ದೀನಿ. ಈ ಅನ್ನ ಇನ್ನೂ ಇದೆಯಾ?"

ಕಾರ್ಕ್‌ಗೆ ಮರಳಿ ಈ ಕತೆಯನ್ನು ಕೀರನ್‌ಗೆ ಹೇಳಿದೆ. ಮಂಡಿ ಸವೆದು ಅವನು ಆಟ ಬಿಟ್ಟಿದ್ದ, ಆಟಗಾರರ ಸಂಘದ ಮುಖ್ಯಸ್ಥನಾಗಿದ್ದ. "ನಾವೂ ಕೊಡೋಣ" ಎಂದ. "ಚಿನ್ನ ಗಿನ್ನ ಆಗಲ್ಲ. ಹಳೇ ಹೆಲ್ಮೆಟ್ ಬೇಕಾದಷ್ಟಿದೆ." ಹಾಗೆ ಹುಟ್ಟಿದ್ದು ನಮ್ಮ ಪ್ರಶಸ್ತಿ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಶುರುವಿನಲ್ಲಿ ಪಬ್ಬಿನ ಫೋನಿನಿಂದ, ಒಂದು ಕಿವಿಗೆ ಬೆರಳು ಇಟ್ಟುಕೊಂಡು, ವರದಿಯನ್ನು ಕೂಗಿ ಹೇಳುತ್ತಿದ್ದೆ. ಪಬ್ಬಿನಲ್ಲಿದ್ದವರು ನಡುನಡುವೆ ತಿದ್ದುತ್ತಿದ್ದರು. ಆಮೇಲೆ ಲ್ಯಾಪ್‌ಟಾಪ್ ಬಂತು, ಆಮೇಲೆ ಪಂದ್ಯ ನಡೆಯುತ್ತಿರುವಾಗಲೇ ಫೋನಿನಲ್ಲಿ ಸಾಲು ಸಾಲಾಗಿ ಕಳಿಸುವುದು. ಈಗ ಅಂಕಿಅಂಶ ತುಂಬಿದರೆ ಕಂಪ್ಯೂಟರೇ ವರದಿ ಬರೆಯುತ್ತದಂತೆ. ಬರೆಯಲಿ. ಬ್ರೀಡಾಳ ಪಕ್ಕ ನಿಂತು ಚಹಾ ಕುಡಿಯುವುದನ್ನು ಅದಕ್ಕೆ ಯಾರಾದರೂ ಕಲಿಸಿದ ದಿನ ನಾನು ಹೆದರುತ್ತೇನೆ.

ಮೊದಲ ಹೆಲ್ಮೆಟ್ ಡಬ್ಲಿನ್‌ನ ಒಬ್ಬ ಟಿವಿ ವರದಿಗಾರನಿಗೆ ಹೋಯಿತು. ಹೊಗಳಿಕೆ, ಚಪ್ಪಾಳೆ, ಊಟ, ಮುಗಿಯಿತು. ಮುಂದಿನದು ನೋರಾಗೆ. ಆ ದಿನ ನಾನು ಕಂಡದ್ದೇ ಬೇರೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಅವಳ ಮಾನವನ್ನು ಹರಾಜು ಹಾಕಿದರು. ಅವಳ ತಣ್ಣನೆ ಚಹಾ, ಅವಳ ಕಾರು ಗುದ್ದದೆ ಬಿಟ್ಟ ಗೇಟುಗಳು, ಅವಳು ಬೈದು ಅಳಿಸಿದ ವರದಿಗಾರರು. ನೋರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಕುರ್ಚಿಯಲ್ಲಿ ಮುದುರಿ ಕೂತೆ. ಇದು ಸನ್ಮಾನವೋ ಸೇಡೋ?

ನಮ್ಮ ಕಡೆ ಸನ್ಮಾನವೆಂದರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ನಾಲ್ಕು ಜನ ಎದ್ದು ನೀವಿಲ್ಲದಿದ್ದರೆ ಸೂರ್ಯನೇ ಹುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಸುಳ್ಳೆಂದು ಎಲ್ಲರಿಗೂ ಗೊತ್ತು, ಆದರೂ ಹಿತವಾಗಿರುತ್ತದೆ.

ನಾನು ನಿವೃತ್ತನಾದ ಮೇಲೆ ಕೀರನ್ ಫೋನು ಮಾಡಿದ. "ಶಿವು, ಈ ಸಲದ ಹೆಲ್ಮೆಟ್ ನಿಂದೇ. ಭಾನುವಾರ ಮಧ್ಯಾಹ್ನದ ಊಟಕ್ಕೆ ಬಾ. ಮಾತಾಡೋಕೆ ಜನ ಈಗ್ಲೇ ಸಾಲು ನಿಂತಿದ್ದಾರೆ!"

ನನ್ನ ಎದೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಕನ್ನಡ ಸಂಘದವರನ್ನು ಕರೆಯಲೇಬೇಕು. ಅವರಲ್ಲಿ ಡಾಕ್ಟರುಗಳು, ಇಂಜಿನಿಯರುಗಳು. ಒಳ್ಳೆಯ ಜನ, ಆದರೆ ಹಬ್ಬದ ಊಟದಲ್ಲಿ ಹೊಸಬರು ಪಕ್ಕ ಕೂತರೆ ಕೇಳುವ ಮೊದಲ ಪ್ರಶ್ನೆ "ತಾವು ಏನು ಓದಿರೋದು?" ಅವರೆಲ್ಲ ನೋಡುತ್ತಿರುವಾಗ ಒಂದೇ ಒಂದು ಸಲ ನನ್ನ ಕೆಲಸಕ್ಕೆ ನೇರವಾದ ಮರ್ಯಾದೆ ಸಿಗಬೇಕು ಎಂಬುದು ನನ್ನ ಆಸೆ. ತಪ್ಪೇನು?

"ಕೀರನ್, ಒಂದು ಮಾತು. ನನ್ನ ವಿಷಯದಲ್ಲಿ ತಮಾಷೆ ಬೇಡ."

"ಏನೂ ಬೇಡ್ವಾ?"

"ಏನೂ."

"ಕೈ ತೋರಿಸೋದೂ?"

"ಅದಂತೂ ಬೇಡವೇ ಬೇಡ."

"ಗ್ರ್ಯಾಂಡ್" ಎಂದ. ಇಲ್ಲಿ ಆರೋಗ್ಯ ಚೆನ್ನಾಗಿದ್ದರೂ ಗ್ರ್ಯಾಂಡ್, ಚಹಾ ಚೆನ್ನಾಗಿದ್ದರೂ ಗ್ರ್ಯಾಂಡ್, ನಿನ್ನ ಹಣೆಬರಹ ನಿನ್ನದು ಎನ್ನುವುದಕ್ಕೂ ಗ್ರ್ಯಾಂಡ್. ಇದು ಮೂರನೆಯದು.

ಮನೆಯಲ್ಲಿ ಹೇಳಿದೆ. ಮೇಘಾ ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಕಾರ್ಕ್‌ನ ರಾಗದ ಇಂಗ್ಲಿಷಿನಲ್ಲಿ. "ಅಪ್ಪಾ! ಯು ಡಿಡ್ ವಾಟ್?"

"ಬಿಡೇ, ನಿಮ್ಮಪ್ಪಂಗೆ ಶಾಲು ಬೇಕಂತೆ" ಎಂದಳು ಗಿರಿಜಾ. "ರೀ, ಅವರು ನಿಮ್ಮನ್ನ ಕಾಲೆಳೀದೇ ಇದ್ರೆ ಇನ್ಯಾರನ್ನ ಎಳೀತಾರೆ?"

"ಬೇರೆ ಯಾರನ್ನಾದ್ರೂ ಎಳೀಲಿ."

ಭಾನುವಾರ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಕಾರ್ಕ್‌ನ ಹಳೆಯ ತಂಡ ಒಂದು ಕಡೆ, ಲಿಮರಿಕ್‌ನ ಹಳಬರು ಇನ್ನೊಂದು ಕಡೆ. ನಮ್ಮ ಸಂಘದವರು ರೇಷ್ಮೆ ಸೀರೆ, ಜರಿ ಪಂಚೆಯಲ್ಲಿ ಮುಂದಿನ ಸಾಲಿನಲ್ಲಿ. ಅಧ್ಯಕ್ಷರು ನನಗೆ ಶಾಲು ಹೊದಿಸಿ ಪೇಟ ಇಟ್ಟರು. ಎಲ್ಲರೂ ಗಂಭೀರವಾಗಿ ಚಪ್ಪಾಳೆ ತಟ್ಟಿದರು.

ಕೀರನ್ ಸೂಟು ಹಾಕಿಕೊಂಡು ಬಂದು, ಚರ್ಚಿನಲ್ಲಿ ಪ್ರಾರ್ಥನೆ ಓದುವವನಂತೆ ಮಾತಾಡಿದ. "ಶ್ರೀ ಶಿವಲಿಂಗಪ್ಪ ಅವರು ಈ ಕ್ರೀಡೆಗೆ ಸಲ್ಲಿಸಿದ ಸೇವೆ ಅಪಾರ." ನನ್ನ ಪೂರ್ತಿ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಎಂದು ಕಾಣುತ್ತದೆ. ಇನ್ನಿಬ್ಬರು ಎದ್ದು ಹೊಗಳಿದರು. ಎಲ್ಲವೂ ನಾನು ಕೇಳಿದ ಹಾಗೆಯೇ. ಸಂಘದವರು ಸಂತೋಷದಿಂದ ವಿಡಿಯೋ ಮಾಡುತ್ತಿದ್ದರು. ಬ್ರೀಡಾ ತೊಡೆಯ ಮೇಲೆ ಕೈ ಮಡಚಿ ಸುಮ್ಮನೆ ಕೂತಿದ್ದಳು. ಬ್ರೀಡಾ ಸುಮ್ಮನೆ ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಯಾಕೋ ಪೇಟದ ಒಳಗೆ ತಲೆ ತಣ್ಣಗಾಗತೊಡಗಿತು.

ಪಕ್ಕದಲ್ಲಿದ್ದ ನೋರಾಳನ್ನು ಮೆಲ್ಲಗೆ ಕೇಳಿದೆ. "ಯಾಕೆ ಎಲ್ರೂ ಹೀಗಿದ್ದಾರೆ?"

"ಹೀಗೆ ಅಂದ್ರೆ?"

"ಬಹಳ ಮರ್ಯಾದೆಯಿಂದ."

"ನೀನೇ ಕೇಳಿದ್ದಲ್ವಾ? ಆ ಟಿವಿಯವನಿಗೂ ಹೀಗೇ ಮಾಡಿದ್ವಿ. ಹೊರಗಿನೋರು ಬಂದ್ರೆ ನಾವು ಒಳ್ಳೇ ತಟ್ಟೆ ತೆಗೀತೀವಿ, ಶಿವು. ಮನೆಯೋರಿಗೆ ಅದು ಯಾಕೆ?"

ನನ್ನ ಹೆಸರು ಕೂಗಿದರು. ಮೆಟ್ಟಿಲು ಹತ್ತಿ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡೆ. ಇಷ್ಟು ವರ್ಷ ಮಳೆಯಲ್ಲಿ, ಅವರ ತಾಯಂದಿರ ನಡುವೆ ನಿಂತು ನಾನು ಸಂಪಾದಿಸಿದ್ದು ಒಂದೇ: ಅವರಲ್ಲೊಬ್ಬ ಎನಿಸಿಕೊಂಡದ್ದು. ಅದನ್ನು ಒಂದು ಫೋನಿನಲ್ಲಿ ನಾನೇ ವಾಪಸು ಕೊಟ್ಟುಬಿಟ್ಟಿದ್ದೆ. ಕೆಳಗೆ ಇಳಿಯುವಷ್ಟರಲ್ಲಿ ಅದನ್ನು ಮರಳಿ ಪಡೆಯದಿದ್ದರೆ ಈ ಹೆಲ್ಮೆಟ್ಟು ಬರೀ ಹೆಲ್ಮೆಟ್ಟು.

ಜೇಬಿನಲ್ಲಿದ್ದ ಭಾಷಣವನ್ನು ಅಲ್ಲೇ ಬಿಟ್ಟೆ. ಮೈಕಿಗೆ ಬಾಯಿ ಕೊಟ್ಟು ಹೇಳಿದೆ: "ಇಷ್ಟು ವರ್ಷದಲ್ಲಿ ನೀವ್ಯಾರೂ ನನಗೆ ಒಂದು ವಾಕ್ಯ ಮುಗಿಸೋಕೆ ಬಿಟ್ಟಿಲ್ಲ. ಇವತ್ತು ಇಷ್ಟು ಸುಮ್ಮನಿದ್ದೀರಲ್ಲ. ಯಾರಾದ್ರೂ ತೀರಿಕೊಂಡ್ರಾ?"

ಎಲ್ಲೋ ಒಬ್ಬ ಕೆಮ್ಮಿದ. ಎಲ್ಲರ ಕಣ್ಣೂ ಕೀರನ್ ಮೇಲೆ. ಅವನು ತನ್ನ ಬೂಟನ್ನೇ ನೋಡುತ್ತಿದ್ದ. ಮಾತು ಕೊಟ್ಟ ಮೇಲೆ ತಪ್ಪುವ ಆಸಾಮಿಯಲ್ಲ ಅವನು.

ವೇದಿಕೆಗೆ ಎರಡೂ ಕಡೆ ಮೆಟ್ಟಿಲಿದ್ದವು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದೆ. ಪೇಟ ಸರಿ ಮಾಡಿಕೊಂಡೆ.

"ಕೀರನ್, ಕ್ವಾರ್ಟರ್ ಮುಗೀತು. ನಾನು ಚಹಾಕ್ಕೆ ಹೋಗಿದ್ದೆ. ಈಗ ನಾವು ಯಾವ ಕಡೆ?"

ಕೀರನ್‌ನ ಕುರ್ಚಿ ಹಿಂದಕ್ಕೆ ಉರುಳಿತು. ಆ ಗೋಡೆ ಎದ್ದು ನಿಂತು, ತೋಳು ಚಾಚಿ, ಕಿಟಕಿ ಗಾಜು ಅದುರುವಂತೆ ಕೂಗಿತು: "ಈಗ ಈ ಕಡೆ, ಶಿವು!" ಕಾರ್ಕ್‌ನವರೆಲ್ಲ ಎದ್ದು ಎಡಕ್ಕೆ ಕೈ ಚಾಚಿದರು. ಲಿಮರಿಕ್‌ನವರು ಮೇಜು ಬಡಿಯುತ್ತಾ ಎದ್ದು ಬಲಕ್ಕೆ ಚಾಚಿದರು. "ಆಯ್ತು ಮಾರಾಯ!" ಎಂದು ಹಿಂದಿನಿಂದ ಯಾರೋ ಅರಚಿದ. "ಯಾರು ಗೆದ್ರು ಅಂತ ಅವನನ್ನ ಕೇಳ್ಬೇಡ್ರಪ್ಪೋ!" ಎಂದು ಇನ್ನೊಬ್ಬ. ಬ್ರೀಡಾ ತನ್ನ ಕೈಚೀಲದಿಂದ ಮಾಸಿದ ಆ ಪತ್ರಿಕೆಯ ತುಣುಕನ್ನು ತೆಗೆದು ಬಾವುಟದಂತೆ ಬೀಸುತ್ತಿದ್ದಳು. ಅಂದರೆ ನನ್ನ ಷರತ್ತನ್ನು ಅವಳು ಮೊದಲಿಂದಲೂ ನಂಬಿರಲಿಲ್ಲ. ಸಂಘದ ಅಧ್ಯಕ್ಷರು ಏನೆಂದು ತಿಳಿಯದಿದ್ದರೂ, ಎಲ್ಲರೂ ಮಾಡುತ್ತಿದ್ದಾರಲ್ಲ ಎಂದು, ಎರಡೂ ಕಡೆಗೆ ಒಂದೊಂದು ಕೈ ಚಾಚಿದ್ದರು.

ಯಾವ ಮೆಟ್ಟಿಲು ಇಳಿದರೂ ಅರ್ಧ ಸಭೆ ನನ್ನ ಮೇಲೆ ಬೀಳುವಂತಿತ್ತು. ಆಗ ಮುಂದಿನ ಸಾಲಿನಲ್ಲಿ ಗಿರಿಜಾ ಕಂಡಳು. ಅವಳೂ ಕೈ ಚಾಚಿದ್ದಳು, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ತನ್ನ ಪಕ್ಕದ ಖಾಲಿ ಕುರ್ಚಿಗೆ.

"ರೀ, ಈ ಕಡೆ. ಊಟ ಆರೋಗ್ತಾ ಐತೆ."

ಇಳಿದು ಹೋಗಿ ಕೂತೆ.